ಹಿಂದಿನ ಚಕ್ರ ತಣ್ಣಗಿತ್ತು

ನನ್ನ ತಮ್ಮನ ಟೆಂಪೋವನ್ನು ಕಂಪ್ಯೂಟರಿನ ಪರದೆಯ ಮೇಲೆ ಸೀಳಿ, ಅದರ ಹೊಟ್ಟೆಯೊಳಗೆ ಏನೇನಿದೆ ಎಂದು ಬರೆಯಲು ಕೂತಾಗ, ಅದರ ಬ್ರೇಕು ಅವನನ್ನು ಎಂದಾದರೊಂದು ದಿನ ಕೈಬಿಟ್ಟೀತು ಎಂದು ಆ ಚಿತ್ರವೇ ಹೇಳುತ್ತದೆಂದು ನಾನು ಎಣಿಸಿರಲಿಲ್ಲ. ಚಿತ್ರ ಚೆನ್ನಾಗಿ ಬರಬೇಕು, ಒಪ್ಪಿಗೆಯಾಗಬೇಕು. ನನ್ನ ತಲೆಯಲ್ಲಿದ್ದದ್ದು ಅಷ್ಟೇ.

ನನ್ನ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಚಿಕ್ಕಬಳ್ಳಾಪುರದ ನಮ್ಮ ಬೀದಿಯವರಿಗೇ ಅದು ಇನ್ನೂ ಅರ್ಥವಾಗಿಲ್ಲ. ವಾಹನಗಳ ಒಳಭಾಗ ಕಾಣುವ ಹಾಗೆ ಚಿತ್ರ ಬರೆಯುತ್ತೇನೆ. ಟ್ರ್ಯಾಕ್ಟರು, ಬಸ್ಸು, ಟೆಂಪೋ, ಪವರ್ ಟಿಲ್ಲರು, ಯಾವುದಾದರೂ ಸರಿ. ಮೇಲಿನ ತಗಡನ್ನು ಒಂದು ಕಡೆ ಕತ್ತರಿಸಿ ತೆಗೆದ ಹಾಗೆ ತೋರಿಸಿ, ಒಳಗಿನ ಎಂಜಿನ್ನು, ಗೇರು, ಕೊಳವೆ, ಬೋಲ್ಟು ಎಲ್ಲವೂ ಇದ್ದ ಜಾಗದಲ್ಲೇ ಇರುವ ಹಾಗೆ ಬಿಡಿಸಬೇಕು. ಐಟಿಐ ಪುಸ್ತಕಗಳಲ್ಲಿ, ಗಾಡಿಯ ಜೊತೆ ಕೊಡುವ ಕೈಪಿಡಿಗಳಲ್ಲಿ ಇಂಥ ಚಿತ್ರಗಳಿರುತ್ತವೆ. ಎದುರು ಮನೆಯಾಕೆ ಒಂದು ದಿನ ಸಕ್ಕರೆ ಕೇಳಲು ಬಂದವಳು ನನ್ನ ಪರದೆ ನೋಡಿ, "ಅಯ್ಯೋ, ಇದೇನಮ್ಮಾ, ಬಸ್ಸನ್ನ ಹಲಸಿನಹಣ್ಣು ಕೊಯ್ದಂಗೆ ಕೊಯ್ದಿದ್ದೀಯಾ?" ಅಂದಳು. ಅದಕ್ಕಿಂತ ಚೆನ್ನಾಗಿ ನಾನೂ ಹೇಳಲಾರೆ.

ನನಗೆ ಒಂದು ಕಡೆ ಕೂರಲು ಬರುವುದಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದಾಳೆ ಎಂದು ಅಮ್ಮ ಬಂದವರಿಗೆಲ್ಲ ದೂರು ಹೇಳುತ್ತಾಳೆ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ ಮೇಲೆ ಗೌರಿಬಿದನೂರಿನಲ್ಲಿ ಒಂದು ಕಾರ್ಖಾನೆ, ಚಿಂತಾಮಣಿಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿ, ಶಿಡ್ಲಘಟ್ಟದಲ್ಲಿ ಫ್ಲೆಕ್ಸ್ ಅಂಗಡಿ, ಎಲ್ಲ ಕಡೆಯೂ ಸ್ವಲ್ಪ ಸ್ವಲ್ಪ ದಿನ ಇದ್ದು ಬಿಟ್ಟು ಬಂದೆ. ಫ್ಲೆಕ್ಸ್ ಅಂಗಡಿಯಲ್ಲಿ ಪುಢಾರಿಗಳ ಮುಖದ ಕಲೆ ಅಳಿಸುತ್ತಾ ಕೂತಿರುವಾಗ ಬೇಜಾರಾಗಿ, ಅಂಗಡಿಯ ಮುಂದೆ ನಿಂತಿದ್ದ ಆಟೋದ ಒಳಗನ್ನು ಅದೇ ಕಂಪ್ಯೂಟರಿನಲ್ಲಿ ಬರೆದೆ. ಅಲ್ಲಿಂದ ಶುರುವಾದದ್ದು. ಈ ಕೆಲಸದಲ್ಲಿ ಮಾತ್ರ ಉಳಿದೆ, ಯಾಕೆಂದರೆ ಇದರಲ್ಲಿ ನನ್ನ ಚಡಪಡಿಕೆಗೂ ಜಾಗವಿದೆ. ಟ್ಯಾಬ್ಲೆಟ್ಟಿನ ಮೇಲೆ ಒಂದು ಗೆರೆ ಎಳೆದು, ಎದ್ದು ಹೋಗಿ ತೊಳೆದಿಟ್ಟ ಪಾತ್ರೆಯನ್ನೇ ಮತ್ತೊಮ್ಮೆ ತೊಳೆದು, ಬಂದು ಆ ಗೆರೆ ಅಳಿಸಿ ಇನ್ನೊಂದು ಎಳೆಯಬಹುದು. ಯಾರೂ ಕೇಳುವುದಿಲ್ಲ.

ತರಬೇತಿ ಪುಸ್ತಕ ಮಾಡುವ ಒಂದು ಸಂಸ್ಥೆಯವರು ಈ ಚಿತ್ರ ಕೇಳಿದರು. ನಾಲ್ಕು ಚಕ್ರದ ಸಣ್ಣ ಸರಕು ಟೆಂಪೋ, ಪೂರ್ತಿ ಲೋಡ್ ಆಗಿರುವ ಸ್ಥಿತಿಯಲ್ಲಿ, ಹಿಂಭಾಗದ ಕಮಾನು ಪಟ್ಟೆ, ಅಂದರೆ ಭಾರ ಹೊರುವ ಸ್ಪ್ರಿಂಗಿನ ಉಕ್ಕಿನ ಪಟ್ಟಿಗಳು, ಮತ್ತು ಬ್ರೇಕಿನ ವ್ಯವಸ್ಥೆ ಕಾಣುವ ಹಾಗೆ. ಬಿಡಿಭಾಗಗಳ ನಕ್ಷೆ ಅವರೇ ಕಳಿಸಿದ್ದರು. ಆದರೆ ನಕ್ಷೆಯಲ್ಲಿ ಪ್ರತಿಯೊಂದೂ ಬೇರೆ ಬೇರೆಯಾಗಿ ಮಲಗಿರುತ್ತದೆ. ಜೋಡಿಸಿದ ಮೇಲೆ, ಮೇಲೆ ಭಾರ ಬಿದ್ದ ಮೇಲೆ ಯಾವುದು ಎಷ್ಟು ಬಾಗುತ್ತದೆ, ಯಾವ ಕೊಳವೆ ಯಾವುದರ ಹಿಂದೆ ಮರೆಯಾಗುತ್ತದೆ, ಅದನ್ನು ಗಾಡಿಯ ಕೆಳಗೆ ಮಲಗಿಯೇ ನೋಡಬೇಕು. ನನಗೆ ಖುಷಿಯಾಯಿತು. ಅದೇ ಮಾದರಿಯ ಟೆಂಪೋ ನನ್ನ ತವರುಮನೆಯಲ್ಲೇ ಇತ್ತು.

ನಮ್ಮ ಊರು ಮಂಡಿಕಲ್ ಹೋಬಳಿಯಲ್ಲಿದೆ. ಅಪ್ಪ ಅಲ್ಲಿ ಬೇಸಾಯ ಮಾಡುತ್ತಾನೆ, ತಮ್ಮ ಟೆಂಪೋ ಓಡಿಸುತ್ತಾನೆ. ಸುತ್ತಿನ ಊರುಗಳ ಟೊಮೇಟೊ ಚಿಂತಾಮಣಿಗೆ, ರೇಷ್ಮೆಗೂಡು ಶಿಡ್ಲಘಟ್ಟಕ್ಕೆ, ಮುಸುಕಿನ ಜೋಳದ ಮೂಟೆ ಗೌರಿಬಿದನೂರಿಗೆ. ನಾನು ಫೋನು ಮಾಡಿ, ಲೋಡ್ ಇರುವಾಗ ಗಾಡಿಯ ಕೆಳಗೆ ಮಲಗಿ ಅಳತೆ ತೆಗೆಯಬೇಕು ಎಂದಾಗ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

"ಭಾನುವಾರ ಜೋಳ ತಗೊಂಡು ಗೌರಿಬಿದನೂರಿಗೆ ಹೋಗ್ತೀನಿ ಕಣಕ್ಕಾ. ಇಳಿಜಾರು ಮುಗಿದ ತಕ್ಷಣ ಟೀ ಅಂಗಡಿ ಹತ್ರ ನಿಲ್ಲಿಸ್ತೀನಲ್ಲ, ಅಲ್ಲಿ ಬಾ. ನಾನು ಟೀ ಕುಡಿಯೋವರ್ಗೂ ಏನಾದ್ರೂ ಮಾಡ್ಕೋ."

ಪೆರೇಸಂದ್ರದಲ್ಲಿ ಹೆದ್ದಾರಿ ದಾಟಿ ಗೌರಿಬಿದನೂರಿನ ಕಡೆಗೆ ಹೋದರೆ ಗುಡ್ಡಗಳ ನಡುವೆ ಒಂದು ಉದ್ದನೆಯ ಇಳಿಜಾರು ಬರುತ್ತದೆ. ಅದರ ಬುಡದಲ್ಲಿ ಹುಣಸೆಮರದ ಕೆಳಗೆ ಆ ಟೀ ಅಂಗಡಿ. ನಾನು ಸ್ಕೂಟರಿನಲ್ಲಿ ಮೊದಲೇ ಹೋಗಿ ಕಾದಿದ್ದೆ. ತಮ್ಮ ಇಳಿದು ಬಂದ. ಗಾಡಿ ನಿಂತದ್ದೇ ತಡ, ಹಳೆಯ ಗೋಣಿಚೀಲ ಹಾಸಿ ಕೆಳಗೆ ನುಗ್ಗಿದೆ. ಟೀ ಕುಡಿಯುತ್ತಿದ್ದವರೆಲ್ಲ ಎದ್ದು ಬಂದು ಬಗ್ಗಿ ನೋಡಿದರು. ಒಬ್ಬರು, "ಏನಮ್ಮಾ, ಏನಾದ್ರೂ ಬಿದ್ದೋಯ್ತಾ?" ಎಂದು ಕೇಳಿದರು. "ಇಲ್ಲ ಬಿಡಿ, ನಮ್ಮಕ್ಕಂಗೆ ಇದೇ ಕೆಲಸ," ಎಂದ ತಮ್ಮ.

ಕೆಳಗೆ ಮಣ್ಣು, ಗ್ರೀಸು, ಮೂಗಿಗೆ ಬಡಿಯುವ ಸುಟ್ಟ ವಾಸನೆ. ವಾಸನೆ ಮುಂದಿನ ಚಕ್ರಗಳಿಂದ ಬರುತ್ತಿತ್ತು. ಅವುಗಳ ಹತ್ತಿರ ಮುಖ ಒಯ್ದರೆ ಒಲೆಯ ಮುಂದೆ ಕೂತಷ್ಟು ಕಾವು. "ಮುಂದಿನ ಪ್ಯಾಡು ಬೇಗ ಬೇಗ ಸವೀತಾವೆ ಕಣಕ್ಕಾ. ಡೂಪ್ಲಿಕೇಟ್ ಮಾಲು ಕೊಡ್ತಾನೆ ಅಂಗಡಿಯೋನು," ಎಂದು ತಮ್ಮ ಮೇಲಿನಿಂದ ಅಂಗಡಿಯವನನ್ನು ಬೈದ. ನಾನು ಹಿಂದಿನ ಆಕ್ಸಲ್ಲಿನ ಕಡೆ ತೆವಳಿದೆ. ಟೇಪು ಹಿಡಿಯಲು ಆಸರೆ ಬೇಕಾಗಿತ್ತು. ಎಡಗೈಯನ್ನು ಹಿಂದಿನ ಚಕ್ರದ ಬ್ರೇಕ್ ಡ್ರಮ್ಮಿನ ಮೇಲೆ ಊರಿದೆ. ಅದು ತಣ್ಣಗಿತ್ತು. ಸದ್ಯ, ಇದೊಂದಾದರೂ ಸುಡುವುದಿಲ್ಲವಲ್ಲ ಎಂದುಕೊಂಡು ಬಲಗೈಯಲ್ಲಿ ಅಳತೆ ತೆಗೆದೆ. ತಮ್ಮ ಒಂದು ಟೀ ಮುಗಿಸಿ, ಗೊಣಗುತ್ತಾ ಇನ್ನೊಂದು ತರಿಸಿಕೊಂಡ.

ಆ ಚಿತ್ರಕ್ಕೆ ನಾನು ಜೀವ ತೇದೆ. ಓರೆಯಿಂದ ನೋಡಿದಾಗ ಚಕ್ರ ದುಂಡಗಿರುವುದಿಲ್ಲ, ದೀರ್ಘವೃತ್ತವಾಗುತ್ತದೆ. ಆ ದೀರ್ಘವೃತ್ತದ ಗಿಡ್ಡ ಅಕ್ಷ ಆಕ್ಸಲ್ಲಿನ ನೇರಕ್ಕೆ ಇರಬೇಕು. ಕೂದಲೆಳೆಯಷ್ಟು ತಪ್ಪಿದರೂ ಚಕ್ರ ಈಗಲೋ ಆಗಲೋ ಕಳಚಿ ಬೀಳುವ ಹಾಗೆ ಕಾಣುತ್ತದೆ. ಚಾಸಿಸ್ಸು ಒಂದು ಪದರದಲ್ಲಿ, ಕಮಾನು ಪಟ್ಟೆಗಳು ಇನ್ನೊಂದರಲ್ಲಿ, ಬ್ರೇಕಿನ ಕೊಳವೆಗಳು ಮತ್ತೊಂದರಲ್ಲಿ, ಎಲ್ಲಕ್ಕೂ ಮೇಲೆ ಅರ್ಧ ಪಾರದರ್ಶಕವಾದ ತಗಡು. ಬೇಕಾದ ಪದರವನ್ನು ತೋರಿಸಬಹುದು, ಬೇಡದ್ದನ್ನು ಮರೆ ಮಾಡಬಹುದು. ಹೊರಗೆರೆ ದಪ್ಪ, ಒಳಗೆರೆ ತೆಳು, ಕೊಯ್ದ ಅಂಚಿಗೆ ಕೆಂಪು. ಎಲ್ಲಿ ಕೊಯ್ಯಬೇಕು ಎನ್ನುವುದೇ ದೊಡ್ಡ ತಲೆನೋವು. ಹೆಚ್ಚು ಕೊಯ್ದರೆ ಅದು ಟೆಂಪೋ ಎಂದೇ ಗೊತ್ತಾಗುವುದಿಲ್ಲ, ಕಡಿಮೆ ಕೊಯ್ದರೆ ಒಳಗಿನದು ಕಾಣುವುದಿಲ್ಲ. ಕೂತೆ, ಎದ್ದೆ, ಹಿತ್ತಲಿಗೆ ಹೋದೆ, ಬಂದೆ. ನನ್ನ ಗಂಡ ಕಚೇರಿಯಿಂದ ಬಂದು, ಊಟಕ್ಕೆ ಏನಿದೆ ಎಂದು ಕೇಳುವ ಧೈರ್ಯ ಸಾಲದೆ ತಾನೇ ಚಿತ್ರಾನ್ನ ಕಲಸಿಕೊಳ್ಳುತ್ತಿದ್ದ.

ಎಲ್ಲಕ್ಕಿಂತ ನನಗೆ ಹೆಮ್ಮೆಯಾದದ್ದು ಒಂದು ಸಣ್ಣ ಕಡ್ಡಿಯ ಬಗ್ಗೆ. ಹಿಂದಿನ ಆಕ್ಸಲ್ಲಿನಿಂದ ಒಂದು ಉಕ್ಕಿನ ಕಡ್ಡಿ ಮೇಲೆ ಚಾಸಿಸ್ಸಿನಲ್ಲಿರುವ ಒಂದು ವಾಲ್ವಿಗೆ ಹೋಗುತ್ತದೆ. ಬಗ್ಗಿ ನೋಡದವರಿಗೆ ಅದು ಇದೆಯೆಂದೇ ಗೊತ್ತಿರುವುದಿಲ್ಲ. ಅದರ ಓರೆಯನ್ನು ಕೋನಮಾಪಕ ಹಿಡಿದು ಅಳೆದು ತಂದು, ಹಾಗೆಯೇ ಬರೆದಿದ್ದೆ. ಚಿತ್ರ ಕಳಿಸಿದೆ.

ವಾಪಸು ಬಂದಾಗ ಅದರ ಹಿಂಭಾಗದಲ್ಲಿ ಎರಡು ಕೆಂಪು ಸುತ್ತು ಹಾಕಿದ್ದರು. ಒಂದು ಕಮಾನು ಪಟ್ಟೆಗಳ ಮೇಲೆ: "ಹೆಚ್ಚುವರಿ ಪಟ್ಟೆಗಳಿವೆ, ತೆಗೆಯಿರಿ." ಇನ್ನೊಂದು ನನ್ನ ಹೆಮ್ಮೆಯ ಕಡ್ಡಿಯ ಮೇಲೆ: "ಇದು ಖಾಲಿ ಗಾಡಿಯ ಓರೆ. ಲೋಡ್ ಇರುವ ಗಾಡಿ ನೋಡಿ ಬರೆಯಿರಿ."

ಮೈಯೆಲ್ಲ ಉರಿಯಿತು. ಮಣ್ಣಿನಲ್ಲಿ ಹೊರಳಾಡಿ ಅಳತೆ ತಂದವಳು ನಾನು. ಎಸಿ ಕೋಣೆಯಲ್ಲಿ ಕೂತು ಕೆಂಪು ಸುತ್ತು ಹಾಕುವವರು ಇವರು. ಸಂಸ್ಥೆಯಲ್ಲಿ ಚಿತ್ರಗಳನ್ನು ಪರಿಶೀಲಿಸುತ್ತಿದ್ದ ಹಿರಿಯ ಎಂಜಿನಿಯರಿಗೆ ಆಗಲೇ ಫೋನು ಹಚ್ಚಿದೆ.

"ಸಾರ್, ನಾನು ಲೋಡ್ ಗಾಡಿನೇ ನೋಡಿ ಬರೆದಿದ್ದೀನಿ. ಜೋಳದ ಮೂಟೆ ತುಂಬ್ಕೊಂಡು ನಿಂತಿತ್ತು. ಕೆಳಗಡೆ ಮಲಗಿ ಅಳೆದಿದ್ದೀನಿ."

"ಆಗೋದಿಲ್ಲಮ್ಮ. ಲೋಡ್ ಬಿದ್ರೆ ಬಾಡಿ ಕೆಳಗೆ ಬರುತ್ತೆ, ಕಡ್ಡಿಯ ಓರೆ ಬದಲಾಗುತ್ತೆ. ಆಗ ತಾನೇ ವಾಲ್ವು ತೆರ್ಕೊಂಡು ಹಿಂದಿನ ಚಕ್ರಕ್ಕೆ ಜಾಸ್ತಿ ಬ್ರೇಕ್ ಕೊಡೋದು? ನಿಮ್ಮ ಚಿತ್ರದಲ್ಲಿ ಕಡ್ಡಿ ಅಲ್ಲಾಡೇ ಇಲ್ಲ."

"ಅಲ್ಲಾಡಿರಲಿಲ್ಲ ಸಾರ್. ಇದ್ದಂಗೆ ಬರೆದಿದ್ದೀನಿ."

ಆ ಕಡೆ ಕಾಗದ ಮಗುಚಿದ ಸದ್ದು. ಆಮೇಲೆ ಕೇಳಿದರು, "ಆ ಗಾಡಿಗೆ ಹೊರಗಡೆ ಅಂಗಡೀಲಿ ಪಟ್ಟೆ ಸೇರಿಸಿದ್ದಾರಾ?"

"ಎಲ್ಲಾರೂ ಸೇರಿಸ್ತಾರಲ್ಲ ಸಾರ್."

"ಹಾಗಾದ್ರೆ ನಿಮ್ಮ ಚಿತ್ರ ಸರಿಯಾಗೇ ಇದೆಯಮ್ಮ. ಗಾಡಿ ತಪ್ಪು. ಪಟ್ಟೆ ಜಾಸ್ತಿಯಾದ್ರೆ ಬಾಡಿ ಇಳಿಯೋದೇ ಇಲ್ಲ, ಕಡ್ಡಿನೂ ಅಲ್ಲಾಡಲ್ಲ. ಅದನ್ನ ಓಡಿಸೋರು ನಿಮಗೆ ಗೊತ್ತಿದ್ರೆ ಮೊದಲು ಅವರಿಗೆ ಹೇಳಿ."

ನಾನು ಫೋನು ಕೆಳಗಿಡಲಿಲ್ಲ. ಕೈಯಲ್ಲೇ ಹಿಡಿದು ನಿಂತಿದ್ದೆ. ಎಡ ಅಂಗೈಗೆ ಆ ಡ್ರಮ್ಮಿನ ತಂಪು ಮತ್ತೆ ತಾಗಿದ ಹಾಗಾಯಿತು. ಅಷ್ಟು ದೊಡ್ಡ ಇಳಿಜಾರನ್ನು ಅಷ್ಟು ಭಾರ ಹೊತ್ತು ಇಳಿದು ಬಂದ ಗಾಡಿಯ ಹಿಂದಿನ ಬ್ರೇಕು ತಣ್ಣಗಿರುವುದೆಂದರೆ ಅದು ಹೆಚ್ಚುಕಡಿಮೆ ಕೆಲಸವನ್ನೇ ಮಾಡಿಲ್ಲ. ಇಡೀ ಟೆಂಪೋವನ್ನು ಮುಂದಿನ ಎರಡು ಚಕ್ರಗಳೇ ಹಿಡಿದು ನಿಲ್ಲಿಸಿದ್ದವು. ಪ್ಯಾಡು ಸವೆಯುತ್ತಿದ್ದದ್ದು ಅಂಗಡಿಯವನ ಮೋಸದಿಂದಲ್ಲ.

ನಮ್ಮ ಕಡೆಯ ರೂಢಿ ಗೊತ್ತಿಲ್ಲದವರಿಗೆ ಇದು ವಿಚಿತ್ರವೆನಿಸಬಹುದು. ಸುತ್ತಮುತ್ತಲ ತಾಲ್ಲೂಕುಗಳಲ್ಲೆಲ್ಲ ಹೊಸ ಟೆಂಪೋ ತಂದವರು ಮೊದಲು ದೇವಸ್ಥಾನಕ್ಕೆ ಹೋಗುತ್ತಾರೆ, ಚಕ್ರಕ್ಕೆ ನಿಂಬೆಹಣ್ಣು ಇಡುತ್ತಾರೆ, ಅಲ್ಲಿಂದ ಸೀದಾ ಪಟ್ಟೆ ಸೇರಿಸುವ ಅಂಗಡಿಗೆ. ಮಗುವಿಗೆ ಕಿವಿ ಚುಚ್ಚಿಸಿದ ಹಾಗೆ ಅದೊಂದು ಶಾಸ್ತ್ರ. ಒಂದು ಮೂಟೆ ಹೊರುವ ಮೊದಲೇ ಹಿಂದಿನ ಕಮಾನಿಗೆ ಹೆಚ್ಚಿನ ಪಟ್ಟೆ ಬೀಳುತ್ತವೆ. ಎಷ್ಟು ತುಂಬಿದರೂ ಗಾಡಿಯ ಹಿಂಭಾಗ ಇಳಿದು ಕೂರಬಾರದು. ಕೂತ ಗಾಡಿಯನ್ನು ನೋಡಿದರೆ ಜನ ನಗುತ್ತಾರೆ. ನಮ್ಮ ಟೆಂಪೋ ಬಂದ ದಿನ ಅಪ್ಪನೇ ಚಿಂತಾಮಣಿಗೆ ಹೋಗಿ ಎದುರಿಗೆ ನಿಂತು ಹಾಕಿಸಿದ್ದ. ಮಗನ ಗಾಡಿ ಎಲ್ಲೂ ಬಗ್ಗಬಾರದು ಎಂದು ಆಯ್ದು ಆಯ್ದು ಒಳ್ಳೆಯ ಪಟ್ಟೆ ಹಾಕಿಸಿದ್ದ. ಹಾಗಾಗಿ ಕಾರ್ಖಾನೆಯಿಂದ ಬಂದ ಟೆಂಪೋ ಲೋಡ್ ಹೊತ್ತಾಗ ಹೇಗಿರುತ್ತದೆ ಎಂದು ನಮ್ಮ ಸೀಮೆಯಲ್ಲಿ ಯಾರೂ ನೋಡಿದವರೇ ಇಲ್ಲ. ನಾನೂ ನೋಡಿರಲಿಲ್ಲ.

ತಮ್ಮನಿಗೆ ಫೋನು ಮಾಡಿದೆ. ಎತ್ತಲಿಲ್ಲ. ಅಮ್ಮನಿಗೆ ಮಾಡಿದೆ. "ಜೋಳ ತಗೊಂಡು ಗೌರಿಬಿದನೂರಿಗೆ ಹೊರಟ ಕಣೇ, ಈಗ ತಾನೇ," ಅಂದಳು. ನನಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಇಷ್ಟು ವರ್ಷ ಆಗದ್ದು ಇವತ್ತೇ ಆಗುತ್ತದೆಯೇ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಳ್ಳುತ್ತಲೇ ಸ್ಕೂಟರಿನ ಬೀಗದ ಕೈ ಹುಡುಕಿದೆ. ಪೆರೇಸಂದ್ರ ಬರುವಷ್ಟರಲ್ಲಿ ಎದುರಿಗೆ ಬಂದ ಟೆಂಪೋಗಳನ್ನೆಲ್ಲ ಬಗ್ಗಿ ಬಗ್ಗಿ ನೋಡಿದೆ. ಎಲ್ಲವೂ ಹಿಂಭಾಗ ಎತ್ತಿಕೊಂಡೇ ಓಡುತ್ತಿದ್ದವು. ಹುಣಸೆಮರದ ಹತ್ತಿರ ಬಂದರೆ ತಮ್ಮ ಬೆಂಚಿನ ಮೇಲೆ ಕಾಲಾಡಿಸುತ್ತಾ ಬನ್ನು ತಿನ್ನುತ್ತಿದ್ದ. ಅವನನ್ನು ಕಂಡ ಸಮಾಧಾನಕ್ಕೆ ನನಗೆ ಬಂದದ್ದು ಸಿಟ್ಟು.

"ಫೋನ್ ಎತ್ತೋಕೇನೋ ನಿಂಗೆ ರೋಗ?"

"ಗಾಡಿ ಓಡಿಸ್ತಿದ್ದೆ ಕಣೇ. ಓಡಿಸ್ವಾಗ ಎತ್ತಬೇಡ ಅಂತ ನೀನೇ ಹೇಳಿಲ್ವಾ?"

ಕಡ್ಡಿ, ವಾಲ್ವು, ಪಟ್ಟೆ ಎಲ್ಲ ಹೇಳಿದೆ. ಕೇಳಿದ, ಬನ್ನು ಮುಗಿಸಿದ, ಕೈ ಒರೆಸಿಕೊಂಡ. "ಅಕ್ಕಾ, ನೀನು ಕಂಪ್ಯೂಟರಲ್ಲಿ ಓಡಿಸ್ತೀಯ, ನಾನು ರೋಡಲ್ಲಿ ಓಡಿಸ್ತೀನಿ. ಬ್ರೇಕ್ ಇಲ್ದೆ ಇಷ್ಟು ವರ್ಷ ಓಡಿಸಿದ್ನಾ? ಸುಮ್ನೆ ಹೋಗು, ತಲೆ ತಿನ್ಬೇಡ." ಹೊರಟೇ ಹೋದ.

ಮಾರನೆಯ ದಿನ ಚಿಂತಾಮಣಿಯ ಮಾರುಕಟ್ಟೆಗೆ ಹೋದೆ. ಟೊಮೇಟೊ ಕ್ರೇಟು ಹೊತ್ತು ನಿಂತಿದ್ದ ಟೆಂಪೋಗಳ ಸಾಲಿನಲ್ಲಿ ಒಂದೊಂದರ ಕೆಳಗೂ ಬಗ್ಗಿ ನೋಡಿದೆ. ಎಲ್ಲದರಲ್ಲೂ ಕಡ್ಡಿ ಖಾಲಿ ಗಾಡಿಯ ಓರೆಯಲ್ಲೇ ಇತ್ತು. ಕೆಲವರು ಗಡಗಡ ಸದ್ದು ಬರುತ್ತದೆ ಎಂದು ಅದನ್ನು ತಂತಿಯಲ್ಲಿ ಕಟ್ಟಿಹಾಕಿದ್ದರು. ಒಬ್ಬ ಚಾಲಕರು ತೆಲುಗಿನಲ್ಲಿ, "ಏಂ ಕಾವಾಲಮ್ಮಾ?" ಎಂದು ಗದರಿದರು. ಏನು ಬೇಕು ಎಂದು ಹೇಳಲಿ? ಶಿಡ್ಲಘಟ್ಟದಲ್ಲಿ ತಮ್ಮನ ಗಾಡಿ ನೋಡುವ ಮೆಕ್ಯಾನಿಕ್ಕರನ್ನು ಕೇಳಿದೆ. "ಅದು ಕಂಪ್ನಿಯೋರು ಸುಮ್ನೆ ಇಟ್ಟಿರೋದು ಮೇಡಂ. ಇದ್ರೂ ನಡೀತದೆ, ಇಲ್ದಿದ್ರೂ ನಡೀತದೆ," ಎಂದು ಅವರು ಮತ್ತೆ ಬಾನೆಟ್ಟಿನೊಳಗೆ ತಲೆ ಹಾಕಿದರು.

ಮನೆಗೆ ಬಂದು ಚಿತ್ರ ತೆರೆದೆ. ಪುಸ್ತಕದವರಿಗೆ ತಿದ್ದಿ ಕೊಡುವುದು ಸುಲಭವಿತ್ತು. ಸರಿಯಾದ ಅಳತೆಗಳನ್ನು ಆ ಎಂಜಿನಿಯರೇ ಕಳಿಸಿದ್ದರು. ಹೆಚ್ಚಿನ ಪಟ್ಟೆಗಳ ಪದರವನ್ನು ಬೇರೆ ಮಾಡಿದೆ. ಅದನ್ನು ಮರೆ ಮಾಡಿ, ಬಾಡಿಯನ್ನು ಇಳಿಸಿ, ಕಡ್ಡಿಯನ್ನು ಹೊಸ ಓರೆಗೆ ತಿರುಗಿಸಿದೆ. ಬ್ರೇಕಿನ ಒತ್ತಡ ಎಲ್ಲೆಲ್ಲಿ ಹರಿಯುತ್ತದೋ ಅಲ್ಲೆಲ್ಲ ಕಿತ್ತಳೆ ಬಣ್ಣ ಹಾಕಿದೆ. ಪಟ್ಟೆ ಇಲ್ಲದಾಗ ಕಿತ್ತಳೆ ನಾಲ್ಕೂ ಚಕ್ರಗಳಿಗೆ ಹೋಗುತ್ತಿತ್ತು. ಪಟ್ಟೆ ಸೇರಿಸಿದರೆ ಹಿಂದಿನ ಎರಡು ಬೂದು ಬಣ್ಣಕ್ಕೆ ತಿರುಗುತ್ತಿದ್ದವು. ಆ ಬೂದು ಬಣ್ಣವನ್ನು ನನಗೆ ನೋಡಲಾಗಲಿಲ್ಲ. ಪುಸ್ತಕದವರಿಗೆ ಆಮೇಲೆ ಕಳಿಸಿದರಾಯಿತು ಎಂದು ಲ್ಯಾಪ್‌ಟಾಪು ಮಡಚಿಕೊಂಡು ಊರಿಗೆ ಹೊರಟೆ.

ಗಾಡಿ ಅಪ್ಪನ ಹೆಸರಿನಲ್ಲಿತ್ತು. ಅಪ್ಪ ಒಪ್ಪದೆ ಒಂದು ನಟ್ಟೂ ಬಿಚ್ಚುವ ಹಾಗಿರಲಿಲ್ಲ. ಮಧ್ಯಾಹ್ನ ಮುದ್ದೆ ಉಂಡು ಜಗಲಿಯ ಮೇಲೆ ಅಡ್ಡಾಗಿದ್ದವನ ಮುಂದೆ ಲ್ಯಾಪ್‌ಟಾಪು ಇಟ್ಟೆ. ತಮ್ಮ ಕಂಬಕ್ಕೆ ಒರಗಿ, ತಮಾಷೆ ನೋಡುವವನ ಹಾಗೆ ನಿಂತಿದ್ದ.

"ಪಟ್ಟೆ ತೆಗ್ಸಿದ್ರೆ ಗಾಡಿ ಕೂತ್ಕೋತದೆ," ಎಂದ ಅಪ್ಪ, ನಾನು ಬಾಯಿ ತೆರೆಯುವ ಮೊದಲೇ. ತಮ್ಮ ಆಗಲೇ ಅವನ ಕಿವಿಯಲ್ಲಿ ಊದಿದ್ದ.

"ಕೂತ್ಕೊಳ್ಳಬೇಕಪ್ಪಾ. ಕೂತ್ರೇನೇ ಹಿಂದಿನ ಬ್ರೇಕ್ ಹಿಡಿಯೋದು. ನೋಡು."

ಪಟ್ಟೆಗಳನ್ನು ತೋರಿಸಿದೆ, ಮರೆ ಮಾಡಿದೆ. ಕಿತ್ತಳೆ, ಬೂದು, ಕಿತ್ತಳೆ, ಬೂದು. ಅಪ್ಪ ಕನ್ನಡಕ ತರಿಸಿಕೊಂಡು ನೋಡಿದ. ಅವನಿಗೆ ಬಣ್ಣದ ಮೇಲೆ ಗಮನವಿರಲಿಲ್ಲ. ಪಟ್ಟೆಗಳನ್ನೇ ನೋಡುತ್ತಿದ್ದ. "ಎಷ್ಟು ಚೆನ್ನಾಗಿ ಬರ್ದಿದ್ದೀಯ. ನಾನು ಹಾಕ್ಸಿದ್ ಪಟ್ಟೇನೇ," ಅಂದ. ಹೊಗಳಿಕೆ ಕೇಳಿ ನನಗೆ ಅಳು ಬಂದ ಹಾಗಾಯಿತು. ಆ ಪಟ್ಟೆಗಳ ಮೇಲೆ ಅವನಿಗಿದ್ದ ಪ್ರೀತಿ ನನಗೆ ಗೊತ್ತಿತ್ತು.

ಆಮೇಲೆ ಅವನ ಬೆರಳು ಪರದೆಯ ಮೇಲೆ ಮುಂದಕ್ಕೆ ಸರಿಯಿತು. ಕ್ಯಾಬಿನ್ನಿನ ಹತ್ತಿರ ನಿಂತಿತು.

"ಇದ್ರಲ್ಲಿ ಇವ್ನು ಎಲ್ಲಿ?"

"ಯಾರಪ್ಪ?"

"ನಿನ್ ತಮ್ಮ ಕಣೇ. ಎಲ್ಲಾ ಬರ್ದಿದ್ದೀಯ, ಅವ್ನನ್ನೇ ಬರ್ದಿಲ್ಲ. ಎಲ್ಲಿ ಕೂತಿರ್ತಾನೆ ಅವ್ನು?"

ನಮ್ಮ ಕೆಲಸದಲ್ಲಿ ಚಾಲಕನನ್ನು ಬರೆಯುವುದಿಲ್ಲ. ಬರೆದರೆ ಸ್ಟೀರಿಂಗು, ಪೆಡಲು ಮರೆಯಾಗುತ್ತವೆ. ಅಪ್ಪನಿಗೆ ಅದನ್ನು ಹೇಳುವ ಬದಲು ಪೆನ್ನು ತೆಗೆದುಕೊಂಡೆ. ಹೊಸ ಪದರ ತೆರೆದು, ಸೀಟಿನ ಮೇಲೆ ತಮ್ಮನ ಹೊರಗೆರೆ ಎಳೆದೆ. ಸ್ವಲ್ಪ ಗೂನು ಬೆನ್ನು, ಮುಂದಕ್ಕೆ ಚಾಚಿದ ಕುತ್ತಿಗೆ, ಬ್ರೇಕಿನ ಮೇಲೆ ಬಲಗಾಲು. ಅವನನ್ನು ಬರೆಯಲು ನನಗೆ ಅಳತೆ ಬೇಕಾಗಲಿಲ್ಲ. ಬರೆದ ಮೇಲೆ ನನಗೇ ಕಂಡಿತು. ಸಣ್ಣ ಟೆಂಪೋದಲ್ಲಿ ಮುಂದೆ ಬಾನೆಟ್ಟು ಇಲ್ಲ. ಅವನ ಮೊಣಕಾಲಿಗೂ ಹೊರಗಿನ ರಸ್ತೆಗೂ ನಡುವೆ ಇದ್ದದ್ದು ಒಂದು ತಗಡು. ಹಿಂದೆ, ಬೆನ್ನಿಗೆ ಅಂಟಿದ ಹಾಗೆ, ಮೂಟೆಗಳ ಗೋಡೆ.

ಅಪ್ಪ ಬಹಳ ಹೊತ್ತು ನೋಡಿದ. ತಮ್ಮ ಕಂಬ ಬಿಟ್ಟು ಹತ್ತಿರ ಬಂದು, ಪರದೆಯಲ್ಲಿ ಕೂತಿದ್ದ ತನ್ನನ್ನು ತಾನೇ ನೋಡಿದ.

"ಪಟ್ಟೆ ತೆಗ್ಸು," ಎಂದ ಅಪ್ಪ.

"ಅಪ್ಪಾ, ಮೂಟೆ ಕಮ್ಮಿ ಹಾಕ್ಬೇಕಾಗ್ತದೆ. ಎರಡೆರಡು ಸಲ ಹೋಗ್ಬೇಕು."

"ಎರಡು ಸಲ ಹೋಗು. ಎರಡು ಸಲಾನೂ ವಾಪಸ್ ಬಾ." ಅಷ್ಟು ಹೇಳಿ ಎದ್ದು, ಚಪ್ಪಲಿ ಮೆಟ್ಟಿಕೊಂಡು ಹೊಲದ ಕಡೆ ಹೋಗಿಬಿಟ್ಟ.

ಚಿಂತಾಮಣಿಯ ಪಟ್ಟೆ ಅಂಗಡಿಯವರಿಗೆ ನಾವು ಹೇಳಿದ್ದು ಮೊದಲು ತಲೆಗೇ ಹೋಗಲಿಲ್ಲ. ಹಾಕಿಸಲು ಬರುವವರನ್ನು ಕಂಡಿದ್ದರೇ ಹೊರತು ತೆಗೆಸಲು ಬಂದವರನ್ನು ಅವರು ಕಂಡಿರಲಿಲ್ಲ. "ಗಾಡಿ ಮಾರ್ತಾ ಇದ್ದೀರಾ?" ಎಂದು ಕೇಳಿದರು. ತಮ್ಮ ಮುಖ ಊದಿಸಿಕೊಂಡು ಬೇರೆ ಕಡೆ ನೋಡಿದ. ಕಳಚಿದ ಪಟ್ಟೆಗಳನ್ನು ಅಪ್ಪ ಅಲ್ಲೇ ಬಿಟ್ಟು ಬರಲು ಒಪ್ಪಲಿಲ್ಲ. ಗೋಣಿಯಲ್ಲಿ ಸುತ್ತಿ ಮನೆಗೆ ತಂದು ಕೊಟ್ಟಿಗೆಯ ಗೋಡೆಗೆ ಒರಗಿಸಿದ.

ಕಂಪನಿ ಹೇಳಿದಷ್ಟೇ ಭಾರ ಬರುವ ಹಾಗೆ ಎಣಿಸಿ ಮೂಟೆ ಹಾಕಿಸಿದೆ. ಮೂಟೆ ಬಿದ್ದ ಹಾಗೆಲ್ಲ ಟೆಂಪೋ ಇಳಿಯಿತು. ಗಾಡಿ ಕೂತದ್ದನ್ನು ನೋಡಿ ದಾರಿಯಲ್ಲಿ ಹೋಗುತ್ತಿದ್ದವರು ನಕ್ಕರು ಕೂಡ. ಅಪ್ಪ ನೋಡಲಾರದೆ ತಲೆ ತಗ್ಗಿಸಿದ. ನಾನು ಗೋಣಿಚೀಲ ಹಾಸಿ ಕೆಳಗೆ ತೆವಳಿ ನೋಡಿದೆ. ಕಡ್ಡಿ ತಿರುಗಿತ್ತು. ಎಂಜಿನಿಯರು ಕಳಿಸಿದ್ದ ಅಳತೆಯ ಓರೆಗೆ ಬಂದು ನಿಂತಿತ್ತು.

ನಾನೂ ಅಪ್ಪನೂ ಸ್ಕೂಟರಿನಲ್ಲಿ ಮುಂದೆ ಹೋಗಿ ಹುಣಸೆಮರದ ಕೆಳಗೆ ಕಾದೆವು. ಟೀ ತಂದಿಟ್ಟರು, ಇಬ್ಬರೂ ಕುಡಿಯಲಿಲ್ಲ. ಅಪ್ಪ ಬೆಂಚಿನ ಮೇಲೆ ಕೂತು ಕಾಲು ಅಲ್ಲಾಡಿಸುತ್ತಿದ್ದ. ಈ ಚಡಪಡಿಕೆ ನನಗೆ ಎಲ್ಲಿಂದ ಬಂತೆಂದು ಅಮ್ಮ ಕೇಳುತ್ತಲೇ ಇರುತ್ತಾಳೆ, ಅವಳನ್ನು ಆಗ ಅಲ್ಲಿಗೆ ಕರೆತರಬೇಕಾಗಿತ್ತು. ನಾನು ರಸ್ತೆಯ ಅಂಚಿಗೆ ಹೋಗಿ ಮೇಲಕ್ಕೆ ನೋಡುವುದು, ಬಂದು ಕೂರುವುದು, ಮತ್ತೆ ಹೋಗುವುದು. ಚಿತ್ರದಲ್ಲಾದರೆ ತಪ್ಪು ಗೆರೆಯನ್ನು ಅಳಿಸಿಬಿಡಬಹುದು. ಈ ಬಿಚ್ಚಿಸುವ ಕೆಲಸವೇ ತಪ್ಪಾಗಿದ್ದರೆ? ಎಂಜಿನಿಯರು ಹೇಳಿದ್ದೇ ಸುಳ್ಳಾಗಿದ್ದರೆ? ತಮ್ಮನಿಗೆ ಕೈಕೊಟ್ಟವಳು ನಾನಾಗುತ್ತಿದ್ದೆ.

ತಿರುವಿನಲ್ಲಿ ಟೆಂಪೋ ಕಾಣಿಸಿತು. ಇಳಿದು ಬಂತು, ಅಂಗಡಿಯ ಹತ್ತಿರ ನಿಧಾನವಾಯಿತು, ಮುಂದಕ್ಕೆ ಮುಗ್ಗರಿಸದೆ ಇದ್ದಲ್ಲೇ ನಿಂತಿತು. ತಮ್ಮ ಇಳಿದ. ನನ್ನ ಮುಖ ನೋಡಲಿಲ್ಲ. ಮುಂದಿನ ಚಕ್ರದ ಹತ್ತಿರ ಮೂಗು ಒಯ್ದು ವಾಸನೆ ನೋಡಿದ. ಆಮೇಲೆ ಹಿಂದಕ್ಕೆ ನಡೆದು, ಕುಕ್ಕರುಗಾಲಲ್ಲಿ ಕೂತು, ಡ್ರಮ್ಮಿನ ಮೇಲೆ ಅಂಗೈ ಇಟ್ಟ.

"ಸ್ಸ್ಸ್!" ಎಂದು ಕೈ ಕೊಡವಿಕೊಂಡ. "ಅಕ್ಕಾ, ಸುಡ್ತಾ ಇದೆ ಕಣೇ!"

ಅಪ್ಪ ಬೆಂಚಿನಿಂದ ಎದ್ದು ಬಂದ. ಅವನೂ ಕೂತು, ಮುಟ್ಟಬೇಡ ಎಂದರೂ ಕೇಳದೆ, ಬೆರಳ ತುದಿಯಿಂದ ಡ್ರಮ್ಮನ್ನು ಮುಟ್ಟಿ ನೋಡಿದ. ಆ ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಮಗನನ್ನು ನೋಡುತ್ತಾ ಕೂತಿದ್ದ. ನನಗೆ ಅಷ್ಟು ದಿನದಿಂದ ತಡೆದಿದ್ದ ಅಳು ಬಂದೇ ಬಂತು. ಟೀ ಅಂಗಡಿಯವರ ಮುಂದೆ ನಾಚಿಕೆಯಾಗಿ ಮುಖ ತಿರುಗಿಸಿಕೊಂಡೆ.

ಅಷ್ಟರಲ್ಲಿ ಇಳಿಜಾರಿನ ಮೇಲಿನಿಂದ ಇನ್ನೊಂದು ಟೆಂಪೋ ಬಂತು. ಮೂಟೆ ಆಕಾಶಕ್ಕೆ ತಾಗುವಷ್ಟು ತುಂಬಿತ್ತು, ಆದರೂ ಹಿಂಭಾಗ ಎತ್ತಿಕೊಂಡೇ ಇತ್ತು. ತಮ್ಮ ಅದನ್ನು ನೋಡಿದ. ಸುಟ್ಟ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾ ರಸ್ತೆಯ ಮಧ್ಯಕ್ಕೆ ಓಡಿ, ಎರಡೂ ಕೈ ಎತ್ತಿ, ಒಂದು ನಿಮಿಷ ನಿಲ್ಲಿಸಣ್ಣ ಎಂದು ತೆಲುಗಿನಲ್ಲಿ ಕೂಗಿದ.

"ಅನ್ನಾ, ಅನ್ನಾ, ಒಕ್ಕ ನಿಮಿಷಂ ಆಪು!"

ಟೆಂಪೋ ಅವನನ್ನು ದಾಟಿ ಬಹಳ ದೂರ ಹೋಗಿ ನಿಂತಿತು. ಚಾಲಕ ಕಿಟಕಿಯಿಂದ ತಲೆ ಹೊರಹಾಕಿ ಬೈಯಲು ಶುರು ಮಾಡಿದ. ತಮ್ಮ ಬೈಸಿಕೊಳ್ಳುತ್ತಲೇ ಅದರ ಹಿಂದಿನ ಚಕ್ರದ ಕಡೆಗೆ ಓಡುತ್ತಿದ್ದ.